ಅಪ್ಪನ ಓಟಿಗೆ ಜೊತೆ ಹೋದದ್ದು

ಅಪ್ಪನಿಗೆ ಕಣ್ಣು ಪೂರಾ ಹೋದ ಮೇಲೆ ಬಂದ ಮೊದಲ ಚುನಾವಣೆ ಅದು, ನಮ್ಮ ದಾಂಡೇಲಿಯ ನಗರಸಭೆಯದು. ಕಣ್ಣು ಕಾಣದವರು ತಮಗೆ ಬೇಕಾದ ಒಬ್ಬರನ್ನು ಮತಯಂತ್ರದ ತನಕ ಜೊತೆಗೆ ಕರೆದುಕೊಂಡು ಹೋಗಬಹುದು ಎಂಬ ನಿಯಮವಿದೆ. ಅಪ್ಪ ನನ್ನನ್ನು ಕರೆದುಕೊಂಡು ಹೋದ. ಅಲ್ಲಿ ನಾನು ಮಾಡಿದ್ದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಅಪ್ಪ ಪಕ್ಷದ ಮನುಷ್ಯ. ಧಾರವಾಡದ ಕಡೆಯ ಹಳ್ಳಿಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆಂದು ಬಂದಾಗ ಅವನಿಗೆ ಈ ಊರಲ್ಲಿ ನೀರು ಕೊಡುವವರೂ ಇರಲಿಲ್ಲವಂತೆ. ಬಾಡಿಗೆಗೆ ಖೋಲಿ ಹುಡುಕಿಕೊಟ್ಟವರು ಪಕ್ಷದವರು. ನನ್ನನ್ನು ಶಾಲೆಗೆ ಸೇರಿಸುವಾಗ ಅರ್ಜಿ ತುಂಬಿಕೊಟ್ಟವರು ಅವರೇ, ಅವ್ವ ತೀರಿಕೊಂಡ ದಿನ ಬಂಧುಗಳು ಬಂದು ಮುಟ್ಟುವ ಮೊದಲೇ ಹೆಗಲು ಕೊಡಲು ಬಂದು ನಿಂತವರೂ ಅವರೇ. ಹಾಗಾಗಿ ಅಪ್ಪ ತನ್ನ ಮೊದಲ ಓಟಿನಿಂದ ಹಿಡಿದು ಆ ಒಂದು ಚಿಹ್ನೆ ಬಿಟ್ಟು ಬೇರೆಯದರ ಕಡೆ ಕಣ್ಣೆತ್ತಿ ನೋಡಿದವನಲ್ಲ. ಇದನ್ನು ನಾನು ಬಲ್ಲೆ. ಬಲ್ಲವಳಾಗಿಯೂ ಆ ಸಲ ನನಗೆ ಸಿಟ್ಟು ಬಂದಿತ್ತು, ಅದೂ ಸಣ್ಣ ಸಿಟ್ಟಲ್ಲ.

ಯಾಕೆಂದರೆ ನಮ್ಮ ವಾರ್ಡಿಗೆ ಅವನ ಪಕ್ಷ ನಿಲ್ಲಿಸಿದ್ದು ಒಬ್ಬ ಗುತ್ತಿಗೆದಾರನನ್ನು. ಹಿಂದಿನ ಚುನಾವಣೆಯ ತನಕ ಎದುರು ಪಕ್ಷದಲ್ಲಿದ್ದ ಆಸಾಮಿ. ಅವನನ್ನು ಸೋಲಿಸಬೇಕೆಂದು ಇದೇ ಅಪ್ಪ, ಕಣ್ಣು ಮಸುಕಾಗಿದ್ದರೂ, ಮನೆಮನೆ ತಿರುಗಿ ಚಪ್ಪಲಿ ಸವೆಸಿದ್ದ. ಈಗ ಆತ ರಾತ್ರೋರಾತ್ರಿ ಶಾಲು ಬದಲಾಯಿಸಿ ಬಂದು ಅಪ್ಪನ ಕಾಲುಮುಟ್ಟಿ ಹೋದ. ಅಪ್ಪ ಆಶೀರ್ವಾದ ಮಾಡಿದ. ನಾನು ಒಳಗೆ ಪಾತ್ರೆಗಳನ್ನು ಧಡಧಡ ಇಟ್ಟೆ.

ಎದುರಿಗೆ ನಿಂತವಳು ನಮ್ಮ ಗಲ್ಲಿಯ ಗ್ಯಾರೇಜಿನ ಚಾಚಾನ ಮಗಳು. ಮನೆಯಲ್ಲೇ ಹೊಲಿಗೆ ಮಾಡುವ ಹುಡುಗಿ. ಅಪ್ಪನಿಗೆ ಅಕ್ಷರ ಕಾಣದಂತಾದಾಗಿನಿಂದ ದಿನಾ ಬಂದು ಪೇಪರ್ ಓದಿ ಹೇಳುತ್ತಾಳೆ. ನಾನು ಹಳಿಯಾಳದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವವಳು, ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯತನಕ ಅಪ್ಪನಿಗೆ ಮಾತಿಗೆ, ಜಗಳಕ್ಕೆ ಅವಳೇ. ತನ್ನ ಪಕ್ಷದ ಸುದ್ದಿಯಾದರೆ ಗಲ್ಲಿಗೆಲ್ಲ ಕೇಳುವ ಹಾಗೆ ಓದುತ್ತಾಳೆ, ನಮ್ಮದಾದರೆ ಗಂಟಲೊಳಗೇ ಗೊಣಗಿ ಮುಗಿಸುತ್ತಾಳೆ ಎಂದು ಅಪ್ಪ ದೂರು ಹೇಳುತ್ತಿದ್ದ. ಅವಳು ಒಂದು ದಿನ ಬರದಿದ್ದರೆ ಮಾತ್ರ ಊಟವೂ ಸರಿಯಾಗಿ ಮಾಡುತ್ತಿರಲಿಲ್ಲ. ಆ ಚುನಾವಣೆಯಲ್ಲಿ ಅವಳು ಸೋತಳು. ಸೋತ ಮರುದಿನವೂ ಪೇಪರ್ ಹಿಡಿದುಕೊಂಡು ಬಂದಳು, ಈಗಲೂ ಬರುತ್ತಾಳೆ.

ಓಟಿಗೆ ವಾರವಿರುವಾಗ ಊಟಕ್ಕೆ ಕೂತಲ್ಲಿ ನಾನು ಮಾತು ತೆಗೆದೆ. ಓಟು ಹಾಕುವುದು ಮನುಷ್ಯರಿಗೋ ಚಿತ್ರಕ್ಕೋ ಎಂದು ಕೇಳಿದೆ. ಮನುಷ್ಯರು ಇವತ್ತು ಇಲ್ಲಿ, ನಾಳೆ ಅಲ್ಲಿ, ತಾನು ಅವರನ್ನು ನಂಬಿ ಪಕ್ಷಕ್ಕೆ ಬಂದವನಲ್ಲ ಎಂದ ಅಪ್ಪ. ಹಾಗೆ ಇಲ್ಲಿ-ಅಲ್ಲಿ ಮಾಡಿದವನಿಗೇ ಓಟು ಹಾಕಲು ಹೊರಟಿದ್ದೀಯಲ್ಲ, ನಿನಗೆ ದಿನಾ ಪೇಪರ್ ಓದುವವಳ ಮುಖ ಹೇಗೆ ನೋಡುತ್ತೀ ಎಂದುಬಿಟ್ಟೆ. ನೋಡುವ ಮಾತನ್ನು ಅಪ್ಪನಿಗೆ ಆಡಬಾರದಿತ್ತು. ಅವನು ಅರ್ಧ ರೊಟ್ಟಿ ಬಿಟ್ಟು ಕೈತೊಳೆದ. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ ಅಂದುಕೊಂಡೆ, ಆದರೆ ಸಿಟ್ಟೇನೂ ಇಳಿಯಲಿಲ್ಲ.

ಓಟಿನ ಹಿಂದಿನ ದಿನ ಸಂಜೆ ಪಕ್ಷದ ಹಿರಿಯರೊಬ್ಬರು ಮನೆಗೆ ಬಂದರು. ಅಪ್ಪನ ಜೊತೆ ಮಿಲ್ಲಿನಲ್ಲಿ ಒಂದೇ ಪಾಳಿಯಲ್ಲಿ ದುಡಿದವರು. ನಾಳೆ ಮಷೀನಿನ ತನಕ ತಾವೇ ಜೊತೆ ಬರುವುದಾಗಿ ಹೇಳಿದರು. ನಾನು ಚಹಾ ತರುವಷ್ಟರಲ್ಲಿ ದನಿ ತಗ್ಗಿಸಿ, ಮಗಳ ಮನಸ್ಸು ಆ ಹುಡುಗಿಯ ಕಡೆಗಿದೆ, ಅದು ಗಲ್ಲಿಗೆಲ್ಲ ಗೊತ್ತು ಎಂದೂ ಸೇರಿಸಿದರು. ನನಗೆ ಕೇಳಿಸಿತು.

"ಆಕಿ ಮನಸ್ಸು ಎಲ್ಲೆ ಬೇಕಾದ್ರ ಇರಲಿ," ಅಂದ ಅಪ್ಪ. "ನನ್ನ ಕೈ ಆಕಿನ ಹಿಡೀತಾಳ."

ಮತಗಟ್ಟೆ ಇದ್ದದ್ದು ನಾನು ಕಲಿತ ಶಾಲೆಯಲ್ಲೇ. ಮೊದಲು ನನ್ನ ಓಟು ಮುಗಿಸಿದೆ. ನನ್ನದು ಆ ಹುಡುಗಿಗೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆಮೇಲೆ ಅಪ್ಪನ ಸರದಿ. ಅಧಿಕಾರಿ ಒಂದು ಹಾಳೆ ಓದಿ ಹೇಳಿದರು: ಈ ಮತದಾರನ ಪರವಾಗಿ ಹಾಕಿದ ಓಟಿನ ಗುಟ್ಟನ್ನು ಕಾಪಾಡುತ್ತೇನೆ, ಇವತ್ತು ಬೇರೆ ಯಾರ ಜೊತೆಗೂ ಹೀಗೆ ಹೋಗಿಲ್ಲ. ಸಹಿ ಮಾಡಿದೆ. ಅಪ್ಪ ನೆಟ್ಟಗೆ ನಿಂತು ಕೇಳಿಸಿಕೊಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ, ಗಡ್ಡ ಹೆರೆಸಿಕೊಂಡಿದ್ದ.

ರಟ್ಟಿನ ಮರೆಯ ಹಿಂದೆ ಹೋದೆವು. ಅಪ್ಪ ತನ್ನ ಬಲಗೈಯ ಬೆರಳನ್ನು ನನ್ನ ಕೈಗೆ ಕೊಟ್ಟು, ನಮ್ಮ ಚಿಹ್ನೆಯ ಗುಂಡಿಯ ಮೇಲೆ ಇಡು, ಒತ್ತುವುದು ನಾನೇ ಎಂದು ಪಿಸುಗುಟ್ಟಿದ. ಅವನ ಚಿಹ್ನೆ ಎರಡನೆಯದು. ಅವಳದು ನಾಲ್ಕನೆಯದು. ಎರಡರ ನಡುವೆ ಗೇಣೂ ಇರಲಿಲ್ಲ.

ಆ ಗಳಿಗೆಯಲ್ಲಿ ನನ್ನ ತಲೆ ಎಷ್ಟು ಚುರುಕಾಗಿ ಓಡಿತೆಂದರೆ ಈಗ ನೆನೆದರೂ ನಾಚಿಕೆಯಾಗುತ್ತದೆ. ಅಪ್ಪನಿಗೆ ಅವಳೆಂದರೆ ಜೀವ, ಪಕ್ಷದವರ ದಾಕ್ಷಿಣ್ಯಕ್ಕೆ ಸಿಕ್ಕಿದ್ದಾನೆ ಅಷ್ಟೆ, ಅವನ ಒಳಗಿನ ಆಸೆಯನ್ನೇ ನಾನು ನಡೆಸಿಕೊಡುತ್ತಿದ್ದೇನೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅವನಿಗೆ ಎಂದೂ ಗೊತ್ತಾಗುವುದಿಲ್ಲ ಎಂಬುದು ಮಾತ್ರ ನಿಜವಾದ ಕಾರಣ. ಅವನ ಬೆರಳನ್ನು ಒಯ್ದು ನಾಲ್ಕನೆಯ ಗುಂಡಿಯ ಮೇಲೆ ಇಟ್ಟೆ.

ಬೆರಳು ಒತ್ತಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ನನ್ನ ಕೈಯಿಂದ ಬಿಡಿಸಿಕೊಂಡು ಮಷೀನಿನ ಮೇಲಿನ ಅಂಚಿಗೆ ಹೋಯಿತು. ಅಲ್ಲಿಂದ ಒಂದೊಂದೇ ಗುಂಡಿಯನ್ನು ಸವರುತ್ತ ಕೆಳಗಿಳಿದು, ನಾನಿಟ್ಟಿದ್ದ ಜಾಗಕ್ಕೇ ಬಂದು ನಿಂತಿತು.

"ಇದು ನಾಕನೇದೈತಿ," ಅಂದ ಅಪ್ಪ, ನನಗೊಬ್ಬಳಿಗೇ ಕೇಳುವಷ್ಟು ಮೆತ್ತಗೆ.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಅನಿಸಿತು.

"ನಿನ್ನ ಓಟು ನೀ ಆಗಳೆ ಹಾಕೀದಿ. ಇದು ನಂದವಾ," ಅಂದ. ಸಿಟ್ಟಿರಲಿಲ್ಲ ದನಿಯಲ್ಲಿ. "ಈಗ ಕಣ್ಣು ಮುಚ್ಕೊ."

ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಮಷೀನು ಉದ್ದಕ್ಕೆ ಕೂಗಿತು.

ಹೊರಗೆ ಗೇಟಿನಾಚೆ, ರಸ್ತೆಯ ಆ ಬದಿಗೆ, ಪಕ್ಷದವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮನೆಗೆ ಬಂದಿದ್ದ ಹಿರಿಯರೂ ಇದ್ದರು. ಅವರು ಎದ್ದುಬಂದು, ಎಲ್ಲ ಸರಿ ಆಯಿತೇ ಎಂದು ಅಪ್ಪನನ್ನು ಕೇಳಿದರು. ಕೇಳಿದ್ದು ಅಪ್ಪನನ್ನು, ನೋಡಿದ್ದು ನನ್ನನ್ನು. ನಾನು ನೆಲ ನೋಡಿದೆ. ಅಪ್ಪ ಈಗ ಒಂದು ಮಾತು ಅಂದರೆ ನಾನು ಗಲ್ಲಿಯಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

"ನನ್ನ ಮಗಳು ಇದ್ಲಲ್ಲ, ಸರಿ ಆಗ್ದ ಏನು?" ಅಂದ ಅಪ್ಪ. "ಆಕಿ ಮ್ಯಾಲ ಇನ್ನ ಯಾರೂ ಎರಡನೇ ಮಾತು ಆಡಬ್ಯಾಡ್ರಿ."

ಆಟೋದಲ್ಲಿ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ತಪ್ಪಾಯಿತು ಎಂದೆ. ಅಪ್ಪ ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀಯಾ ಎಂದು ಕೇಳಿದ. ನನಗೆ ಅಳು ಇನ್ನೂ ಜಾಸ್ತಿಯಾಯಿತು.

ಸ್ವಲ್ಪ ಸಮಾಧಾನವಾದ ಮೇಲೆ, ಅದು ನಾಲ್ಕನೆಯದು, ಅವಳದು, ಎಂದು ಅವನಿಗೆ ಗೊತ್ತಾದದ್ದು ಹೇಗೆ ಎಂದು ಕೇಳಿದೆ.

"ಆಕಿನ ಹೇಳಿದ್ಲು," ಅಂದ. "ಮೊನ್ನೆ ಪೇಪರ್ ಓದಿ ಮುಗಿಸಿದ ಮ್ಯಾಲ. ಕಾಕಾ, ನಿಮ್ಮದು ಎರಡನೇ ಗುಂಡಿ, ನಂದು ನಾಕನೇದು, ಮ್ಯಾಲಿಂದ ಬೆರಳಾಡಿಸಿ ಎಣಿಸಿ ಒತ್ರಿ ಅಂದ್ಲು. ನನ್ನ ಮಗಳು ಇರ್ತಾಳ, ನಾ ಯಾಕ ಎಣಿಸಲಿ ಅಂತ ನಾ ನಕ್ಕೆ."

ನಮ್ಮ ಗಲ್ಲಿ ಹತ್ತಿರ ಬಂದಾಗ ಅಪ್ಪನೇ ಹೇಳಿದ.

"ಎಣಿಸ್ತಿದ್ದಿಲ್ಲ ನಾನು. ನಿನ್ನ ಕೈ ನಡಗಾಕತ್ತಿತ್ತು."