ನಡೆದೇ ಹೋಗುವ ಹರಕೆ

ಕೊಪ್ಪದ ಪೇಟೆಯಲ್ಲಿ ಕಾಲು ಸರಿಯಿದ್ದವರು ನಡೆಯುವುದಿಲ್ಲ, ಕಾಲು ಸರಿಯಿಲ್ಲದವರನ್ನು ನಡೆಯಲು ಬಿಡುವುದಿಲ್ಲ. ಇದು ನನಗೆ ಗೊತ್ತಾದದ್ದು ಕಳೆದ ವರ್ಷ, ಬಾಳಗಡಿಯ ತಿರುವಿನಲ್ಲಿ ಸ್ಕೂಟಿ ಜಾರಿ ಬಲಗಾಲಿನ ಗಿಣ್ಣು ಮುರಿದುಕೊಂಡ ಮೇಲೆ.

ನಾನು ಟೈಲರ್. ರವಿಕೆ, ಚೂಡಿದಾರ್, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಹೊಲಿಗೆಯೆಂದರೆ ಕೈಯ ಕೆಲಸ ಎಂದು ಜನ ತಿಳಿದಿದ್ದಾರೆ. ಅರ್ಧ ಕೆಲಸ ಕಾಲಿನದು. ಪೆಡಲ್ ಮೇಲಿನ ಪಾದ ಆಡದಿದ್ದರೆ ಮೆಷಿನ್ ಇದ್ದೂ ಇಲ್ಲದ ಹಾಗೆ. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ನನ್ನ ಪಾದವನ್ನು ಬಗ್ಗಿಸಲು ನೋಡಿದರು. ಅದು ಬಗ್ಗಲಿಲ್ಲ.

“ದಿನಾ ಸಮ ನೆಲದಲ್ಲಿ ನಡೀಬೇಕು. ಇಲ್ಲಾಂದ್ರೆ ಹೀಗೇ ಸೆಟೆದು ನಿಲ್ತದೆ. ಆಮೇಲೆ ಮೆಷಿನ್ ಮರೆತುಬಿಡಿ” ಅಂದರು.

ಕಿಗ್ಗದಿಂದ ಅಣ್ಣ ಫೋನು ಮಾಡಿ, ಕಾಲು ಗುಣವಾಗುವ ತನಕ ತವರಿಗೆ ಬಂದಿರು ಎಂದ. ಅಲ್ಲಿ ಅಂಗಳ ದಾಟಿದರೆ ಒಂದೋ ಹತ್ತಬೇಕು, ಇಲ್ಲವೇ ಇಳಿಯಬೇಕು. ಒಂದು ಮಾತ್ರೆ ಬೇಕೆಂದರೂ ಬೈಕು ತೆಗೆಯಬೇಕು. ನನ್ನ ಬಾಡಿಗೆ ಮನೆ ಇರುವುದು ಪೇಟೆಯೊಳಗಿನ ಒಂದು ಓಣಿಯ ಈ ತುದಿಯಲ್ಲಿ, ನನ್ನ ಅಂಗಡಿ ಆ ತುದಿಯಲ್ಲಿ. ನಡುವೆ ಹಾಲಿನ ಬೂತ್, ಹಿಟ್ಟಿನ ಗಿರಣಿ, ತರಕಾರಿ, ಗುಂಡಿ-ನೂಲಿನ ಅಂಗಡಿ, ಔಷಧಿ ಅಂಗಡಿ ಎಲ್ಲವೂ ಒಂದರ ಮೈಗೆ ಒಂದು ತಾಗಿಕೊಂಡು ನಿಂತಿವೆ. ಒಬ್ಬಳೇ ಇರುವ ಹೆಂಗಸಿಗೆ ಇದಕ್ಕಿಂತ ಇನ್ನೇನು ಬೇಕು? ಹಾಲು, ಸೊಪ್ಪು ತರುವುದೇ ನನ್ನ ವ್ಯಾಯಾಮ ಎಂದುಕೊಂಡು ಕೋಲು ಹಿಡಿದು ಹೊರಟೆ.

ಹತ್ತು ಹೆಜ್ಜೆ ಇಟ್ಟಿರಲಿಲ್ಲ, ನಮ್ಮ ಓಣಿಯ ಆಟೋದವನು ಪಕ್ಕದಲ್ಲಿ ಗಾಡಿ ತಂದು ನಿಲ್ಲಿಸಿದ. “ಎಂತ ಅಕ್ಕ ಇದು, ಈ ಕಾಲಲ್ಲಿ? ಹತ್ತಿ ಮಾರಾಯ್ರೆ.”

“ಡಾಕ್ಟ್ರು ನಡೀಬೇಕು ಅಂದಿದ್ದಾರೆ.”

“ಅವ್ರು ಹಾಗೇ ಹೇಳೋದು. ಹತ್ತಿ, ದುಡ್ಡೇನು ಬೇಡ.”

ಹತ್ತಿದೆ. ನಮ್ಮ ಕಡೆ ಗುರುತಿನವರು ಗಾಡಿ ನಿಲ್ಲಿಸಿದ ಮೇಲೆ ಬೇಡ ಎನ್ನುವುದು ಸುಲಭವಲ್ಲ. ಒಂದು ಸಲ ಬೇಡ ಎಂದರೆ ಸಂಕೋಚ, ಎರಡನೇ ಸಲ ಎಂದರೆ ಸಿಟ್ಟು, ಮೂರನೇ ಸಲಕ್ಕೆ ಎರಡು ಮನೆಯ ನಡುವೆ ಮಾತು ನಿಲ್ಲುತ್ತದೆ. ಆಟೋ ಇಲ್ಲದಿದ್ದರೆ ಯಾರದೋ ಸ್ಕೂಟರು. ಅದೂ ಇಲ್ಲದ ದಿನ ಗಿರಣಿಯ ಹೆಂಗಸು ನನ್ನ ಕೈಯ ಚೀಲ ಕಿತ್ತುಕೊಂಡು, “ಕೂತ್ಕೊಳಿ, ನಾನೇ ತಂದುಕೊಡ್ತೆ” ಎನ್ನುತ್ತಿದ್ದಳು. ಯಾರೂ ಕರೆಯದೆ ನಾಲ್ಕು ಹೆಜ್ಜೆ ನಡೆದರೆ ಚರಂಡಿಯ ಚಪ್ಪಡಿಯ ಮೇಲೆ ಸಾಲಾಗಿ ನಿಲ್ಲಿಸಿದ ಬೈಕುಗಳು. ಅವನ್ನು ಬಳಸಿ ರಸ್ತೆಗೆ ಇಳಿದರೆ ಮತ್ತೆ ಆಟೋ.

ಎರಡು ವಾರ ಹೀಗೆ ಎಲ್ಲರ ಪ್ರೀತಿಗೆ ತಲೆ ಕೊಟ್ಟೆ. ಡಾಕ್ಟರು ಪಾದ ನೋಡಿ, “ನೀವು ನಡೀತಾ ಇಲ್ಲ” ಎಂದು ಬೈದರು. ಸಂಜೆ ಅಂಗಡಿ ತೆರೆದು ಪೆಡಲ್ ಮೇಲೆ ಕಾಲಿಟ್ಟೆ. ಅದು ಮರದ ತುಂಡಿನಂತೆ ಬಿದ್ದುಕೊಂಡಿತ್ತು. ನನಗೆ ಬೇರೆ ಕಸುಬು ಗೊತ್ತಿಲ್ಲ. ಕತ್ತರಿಸಿಟ್ಟ ಬಟ್ಟೆಯ ನಡುವೆ ಕೂತು ಅತ್ತೆ.

ಮರುದಿನ ಆಟೋ ನಿಂತಾಗ ನನ್ನ ಬಾಯಿಂದ ತಾನಾಗಿ ಬಂತು: “ಇಲ್ಲ ಮಾರಾಯ. ಹರಕೆ ಹೊತ್ತಿದ್ದೇನೆ. ನಲವತ್ತೆಂಟು ದಿನ ಎಲ್ಲಿಗೆ ಹೋದ್ರೂ ನಡೆದೇ ಹೋಗ್ತೇನೆ ಅಂತ.”

ಅವನ ಮುಖವೇ ಬದಲಾಯಿತು. “ಯಾವ ದೇವರಿಗೆ ಅಕ್ಕ?”

“ಕಿಗ್ಗದ ದೇವರಿಗೆ.”

“ಅಯ್ಯೋ, ತಪ್ಪಾಯ್ತು” ಎಂದು ಆಟೋ ಹಿಂದಕ್ಕೆ ತೆಗೆದ. ಡಾಕ್ಟರ ಮಾತಿಗೆ ಇಲ್ಲದ ಬೆಲೆ ಸುಳ್ಳು ಹರಕೆಗೆ ಇತ್ತು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಗಿರಣಿಯ ಹೆಂಗಸು ಚೀಲಕ್ಕೆ ಕೈ ಹಾಕಿದಾಗ ಅವಳಿಗೂ ಹರಕೆ ಎಂದೆ. ಹಿಟ್ಟಿನ ಧೂಳಿಗೆ ಸೀನುತ್ತಾ ಏನೇನು ಹೇಳಿದೆನೋ ನೆನಪಿಲ್ಲ.

ಅಲ್ಲಿಂದ ಮುಂದೆ ಓಣಿಯೇ ಬೇರೆಯಾಯಿತು. ಯಾರೂ ಗಾಡಿ ನಿಲ್ಲಿಸಲಿಲ್ಲ. ಹರಕೆಯವರು ನಡೆಯುವ ದಾರಿಗೆ ಅಡ್ಡ ನಿಲ್ಲಬಾರದಲ್ಲ, ಚಪ್ಪಡಿಯ ಮೇಲಿನ ಬೈಕುಗಳು ಒಂದೊಂದಾಗಿ ಆಚೆ ಹೋದವು. ಗುಂಡಿ-ನೂಲಿನ ಅಂಗಡಿಯ ಭಾಯಿ ಹೊರಗೆ ಇಡುತ್ತಿದ್ದ ಲೇಸಿನ ಸ್ಟ್ಯಾಂಡನ್ನು ಒಳಗೆ ಎಳೆದುಕೊಂಡು, ಆ ಜಾಗಕ್ಕೆ ಒಂದು ಸ್ಟೂಲ್ ಹಾಕಿದರು. “ಹರಕೇಲಿ ಕೂರಬಾರ್ದು ಅಂತ ಇಲ್ವಲ್ಲ ಅಕ್ಕಾ?” ಎಂದು ಕೇಳಿದರು. ಇಲ್ಲ ಎಂದೆ. ಮೊದಲು ಆ ಸ್ಟೂಲಿನ ತನಕ, ಆಮೇಲೆ ಔಷಧಿ ಅಂಗಡಿಯ ತನಕ, ಆಮೇಲೆ ಕೋಲು ಕಂಕುಳಲ್ಲಿಟ್ಟುಕೊಂಡು ಇಡೀ ಓಣಿ. ನನ್ನ ಹಿಂದೆ ಶಾಲೆ ಹುಡುಗಿಯರೂ ರಸ್ತೆ ಬಿಟ್ಟು ಚಪ್ಪಡಿಯ ಮೇಲೆ ಬರತೊಡಗಿದರು.

ಮೂವತ್ತೊಂಬತ್ತನೆಯ ದಿನ ಪೆಡಲ್ ಕೆಳಗೆ ಹೋಯಿತು. ನೋಯುತ್ತಾ, ಕಿರುಗುಟ್ಟುತ್ತಾ, ಆದರೂ ಹೋಯಿತು. ಬೇಡದ ಬಟ್ಟೆಯ ಮೇಲೆ ಉದ್ದಕ್ಕೆ ಹೊಲಿಗೆ ಹಾಕುತ್ತಲೇ ಕೂತೆ. ಅಷ್ಟು ಖುಷಿ ಮೊದಲ ಮೆಷಿನ್ ತಂದ ದಿನವೂ ಆಗಿರಲಿಲ್ಲ.

ಆದರೆ ಖುಷಿಯ ಒಳಗೆ ಒಂದು ಮುಳ್ಳು ಇತ್ತು. ಇಷ್ಟು ಜನರಿಗೆ, ದೇವರ ಹೆಸರಲ್ಲಿ ಸುಳ್ಳು ಹೇಳಿದ್ದೆ. ನಲವತ್ತೆಂಟು ತುಂಬಿದ ಮರುದಿನ ಬಸ್ಸು ಹತ್ತಿ ಕಿಗ್ಗಕ್ಕೆ ಹೋಗಿ, ತಪ್ಪೊಪ್ಪಿಕೊಂಡು, ಹಣ್ಣುಕಾಯಿ ಮಾಡಿಸಿ, ಓಣಿಗೆಲ್ಲ ಹಂಚಲು ಪ್ರಸಾದ ತಂದೆ.

ಮೊದಲು ಸಿಕ್ಕಿದ್ದು ಗಿರಣಿ. ಗಿರಣಿಯ ಹೆಂಗಸು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, “ಇದು ಕಿಗ್ಗದ್ದು. ಶೃಂಗೇರಿದು ಯಾವಾಗ ಅಕ್ಕ?” ಎಂದಳು.

“ಶೃಂಗೇರಿಯಾ?”

“ನಂಗೆ ಶೃಂಗೇರಿ ಅಮ್ಮನಿಗೆ ಅಂದ್ರಿ. ಆಟೋದವನಿಗೆ ಕಿಗ್ಗ ಅಂದ್ರಂತೆ. ಭಾಯಿಗೆ ಯಾವ ದೇವರಿಗೆ ಅಂತಲೇ ಹೇಳ್ಲಿಲ್ಲವಂತೆ” ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ನನ್ನ ಕಿವಿ ಬಿಸಿಯಾಯಿತು. “ನಿಮಗೆ ಯಾವಾಗ ಗೊತ್ತಾಯ್ತು?”

“ಅವತ್ತೇ ಸಂಜೆ. ಈ ಓಣಿ ಎಷ್ಟುದ್ದ ಇದೆ ಮಾರಾಯ್ತಿ? ಭಾಯಿ ಅಂದ್ರು, ಇಷ್ಟು ಸುಳ್ಳು ಹೇಳಬೇಕಾದ್ರೆ ಅವ್ರಿಗೆ ನಡೆಯೋದು ಅಷ್ಟು ಮುಖ್ಯ ಇರ್ಬೇಕು, ಸುಮ್ನಿರಿ ಅಂತ. ಸುಮ್ನಿದ್ವಿ.”

ನಲವತ್ತೆಂಟು ದಿನವೂ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಬೈಕು ಸರಿಸಿದ್ದರು, ಗೊತ್ತಿದ್ದೇ ಸ್ಟೂಲ್ ಹಾಕಿದ್ದರು. ಉಳಿದ ಪ್ರಸಾದದ ಪೊಟ್ಟಣವನ್ನೂ ಎಲ್ಲರಿಗೆ ನೀವೇ ಹಂಚಿ ಎಂದು ಅವಳ ಕೈಯಲ್ಲೇ ಇಟ್ಟು ಹೊರಗೆ ಬಂದೆ.

ಎದುರಿಗೆ ಆಟೋ ಬರುತ್ತಿತ್ತು. ಹರಕೆ ಮುಗಿದಿದೆ, ಈಗ ನಿಲ್ಲಿಸುತ್ತಾನೆ ಎಂದುಕೊಂಡೆ. ಅವನು ನನ್ನ ಕಾಲನ್ನು ಒಮ್ಮೆ ನೋಡಿ, ಕೈ ಎತ್ತಿ, ನಿಲ್ಲಿಸದೆ ಹೋದ. ನಾನು ಚಪ್ಪಡಿಯ ಮೇಲೆ ನಡೆದುಕೊಂಡು ಅಂಗಡಿಗೆ ಹೋಗಿ, ಅವನ ಮಗಳ ಯೂನಿಫಾರಂ ಹೊಲಿಯಲು ಕೂತೆ.