ಅತಿಥಿಗಳ ಪರಿಚಯ

ಹೋದ ವಾರ ಅಫಜಲಪುರ ದಾರಿಯಲ್ಲಿರುವ ಹೊಸ ಸ್ನಾತಕೋತ್ತರ ಕೇಂದ್ರದ ಉದ್ಘಾಟನೆಗೆ ಹೋಗಿದ್ದೆ. ಕಾರಿನಿಂದ ಇಳಿದ ಕೂಡಲೇ ಪಕ್ಕದ ಹಳೆಯ ಗೋದಾಮಿನಿಂದ ತೊಗರಿ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಒಂದು ದೊಡ್ಡ ಸೀನು ಕೇಳಿಸುತ್ತದೆ ಎಂದು ಕಾದೆ. ಕೇಳಿಸಲಿಲ್ಲ...

ವಿಶ್ವವಿದ್ಯಾಲಯದ ಕೇಂದ್ರ ಮೊದಲು ನಡೆದದ್ದು ಆ ಗೋದಾಮಿನಲ್ಲೇ. ಸರ್ ಅಲ್ಲಿ ನಮಗೆ ಅರ್ಥಶಾಸ್ತ್ರ ಕಲಿಸುತ್ತಿದ್ದರು. ತೊಗರಿ ಧೂಳು ಅವರಿಗೆ ಒಗ್ಗುತ್ತಿರಲಿಲ್ಲ. ಸರ್ಕಾರದ ಖರ್ಚು ಯಾರಿಗಾಗಿ ಎಂದು ವಿವರಿಸುವಾಗ ನಡುನಡುವೆ ಸೀನಿ, ಕರವಸ್ತ್ರ ಮಡಚಿ, ಬಿಟ್ಟ ಮಾತಿನಿಂದಲೇ ಮತ್ತೆ ಶುರು ಮಾಡುತ್ತಿದ್ದರು. ತಲೆ ನರೆತಿದ್ದರೂ ಅವರಿನ್ನೂ ಅತಿಥಿ ಉಪನ್ಯಾಸಕರು. ಆ ಮಾತಿಗೆ ಅವರೇ ನಗುತ್ತಿದ್ದರು.

"ಅತಿಥಿ ಅಂದ್ರ ಉಂಡು ಹೋಗಾಂವ. ನನಗ ಇನ್ನೂ ತಾಟೇ ಹಾಕಿಲ್ಲ ತಂಗಿ, ಹೋಗಲಿ ಹೆಂಗ?"

ನಾನು ಮಣ್ಣೂರಿನ ದಲಿತ ಕೇರಿಯವಳು. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಅತನೂರಿನ ಮುಸ್ಲಿಂ ಮನೆಯ ಹುಡುಗಿ. ತರಗತಿ ತುಂಬ ಇಂಥವರೇ. ಕಲಬುರಗಿಗೆ ಕಳಿಸಲು ಮನೆಯವರು ಒಪ್ಪುತ್ತಿರಲಿಲ್ಲ, ಹಾಗಾಗಿ ಆ ಗೋದಾಮು ಇದ್ದರೆ ಓದು, ಇಲ್ಲದಿದ್ದರೆ ಇಲ್ಲ.

ಚುನಾವಣೆಯಲ್ಲಿ ಪಕ್ಷ ಬದಲಾಯಿತು, ಅನುದಾನ ನಿಂತಿತು. ಗೆದ್ದ ಪಕ್ಷದ ಧುರೀಣರೊಬ್ಬರ ಮನೆಗೆ ಸರ್ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಸಾಹೇಬರು ನಮ್ಮನ್ನು ಪಡಸಾಲೆಯ ಹೊರಗೇ ನಿಲ್ಲಿಸಿ ಮಾತಾಡಿದರು. "ನಿಮ್ದು ಊರಾಗ ಯಾವ ಕಡೆ ಮನಿ, ಸರ್?" ಎಂಬುದು ಅವರ ಮೊದಲ ಪ್ರಶ್ನೆ. ನಮ್ಮ ಕಡೆ ಇದನ್ನು ಯಾಕೆ ಕೇಳುತ್ತಾರೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸರ್ ಹೇಳಿದರು. ಸಾಹೇಬರ ಮುಖದಲ್ಲಿ ಒಂದು ನಗು ಬಂತು.

"ಸೆಂಟರ್ ತಂದಾವ್ರು ಆ ಪಾರ್ಟಿಯವ್ರು, ನಾ ಯಾಕ ರೊಕ್ಕ ತರಲಿ? ಓದಾವ್ರು ನೋಡಿದ್ರ ಬರೇ ಆ ಮಂದಿ. ಅವ್ರೆಲ್ಲ ಎಂ.ಎ. ಮಾಡಿದ್ರ ತೊಗರಿ ರಾಶಿ ಯಾರ್ ಮಾಡಬೇಕ್ರಿ?"

"ರಾಶಿ ಮಾಡೇ ಇಲ್ಲಿಗಿ ಬಂದೀವ್ರಿ," ಎಂದರು ಸರ್, ಮೆಲ್ಲಗೆ. 

ಕೇಂದ್ರ ಮುಚ್ಚಿತು. ಗೋದಾಮಿಗೆ ಮತ್ತೆ ತೊಗರಿ ಚೀಲ ಬಂದವು. ಗೆಳತಿಯ ಓದು ಅಲ್ಲಿಗೇ ನಿಂತು ಮದುವೆಯಾಯಿತು. ನನಗೆ ಕಲಬುರಗಿಯಲ್ಲಿ ಸೋದರತ್ತೆಯ ಮನೆಯಿತ್ತು, ಮನೆಯವರನ್ನು ಒಪ್ಪಿಸಿ ಅಲ್ಲಿದ್ದು ಓದಿದೆ, ಅಷ್ಟೇ ವ್ಯತ್ಯಾಸ. ಸರ್ ಜೇವರ್ಗಿಯ ಒಂದು ಟ್ಯೂಷನ್ ಕೋಣೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರಂತೆ... ಅಲ್ಲೇ ಒಂದು ದಿನ ಕುರ್ಚಿಯಲ್ಲಿ ಕೂತಲ್ಲೇ ಹೋದರು. ಅವತ್ತಿನಿಂದ ನಾನು ಆ ಸಾಹೇಬರ ಮೇಲಿನ ಸಿಟ್ಟನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಸಾಕಿದ್ದೇನೆ. ಕ್ಷಮಿಸುವುದು ದೊಡ್ಡ ಗುಣ ಎನ್ನುವವರು ಆ ಪಡಸಾಲೆಯ ಹೊರಗೆ ನಿಂತವರಲ್ಲ.

ಈಗ ಸಾಹೇಬರೇ ಕೇಂದ್ರ ತಂದಿದ್ದ ಆ ಪಾರ್ಟಿಗೆ ಬಂದಿದ್ದಾರೆ. ಕೇಂದ್ರ ಮತ್ತೆ ತೆರೆಯಿತು, ಅವರೇ ಮುಖ್ಯ ಅತಿಥಿ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ, ಆ ಕಡೆಯ ಹೆಣ್ಣುಮಗಳು ಎಂದು ಅತಿಥಿಗಳ ಪರಿಚಯದ ಕೆಲಸ ನನಗೇ ಬಂತು. ದೇವರು ಇದ್ದಾನೆ ಎಂದು ನನಗೆ ಅನಿಸಿದ್ದು ಅವತ್ತೊಂದೇ ಸಲ.

ಮೈಕಿನ ಮುಂದೆ ನಿಂತು, ಹೆಸರು ಹೇಳದೆ ಶುರು ಮಾಡಿದೆ. ಈ ಕೇಂದ್ರಕ್ಕಾಗಿ ಜೀವ ತೇಯ್ದವರು, ಬಡವರ ಮಕ್ಕಳು ಓದಲಿ ಎಂದು ದೊಡ್ಡವರ ಬಾಗಿಲಿಗೆ ಅಲೆದವರು, ಅವಮಾನ ನುಂಗಿದವರು, ಇಂಥ ಅತಿಥಿ ನಮಗೆ ಸಿಕ್ಕಿದ್ದು ಪುಣ್ಯ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಸಾಹೇಬರು ಹಾರ ಸರಿಮಾಡಿಕೊಂಡು ಎದ್ದು ನಿಂತು, ನಾಲ್ಕೂ ದಿಕ್ಕಿಗೆ ಕೈಮುಗಿದರು.

"ತಾವು ಕೂಡ್ರಿ ಸಾಹೇಬ್ರ," ಎಂದೆ. "ನಾ ಹೇಳಿದ ಅತಿಥಿ ಬ್ಯಾರೆ. ಇಲ್ಲಿ ಅತಿಥಿ ಉಪನ್ಯಾಸಕರಾಗಿದ್ದ ನಮ್ಮ ಸರ್ ಅವ್ರು. ತಾವು ಅವ್ರ ಸೆಂಟರ್ ಮುಚ್ಚಿಸಿದಾವ್ರು."

ಆಮೇಲೆ ತೊಗರಿ ರಾಶಿಯ ಆ ಮಾತನ್ನು ಅವರದೇ ಧಾಟಿಯಲ್ಲಿ, ಒಂದಕ್ಷರ ಬಿಡದೆ ಹೇಳಿದೆ. ಅವರು ಕುರ್ಚಿಗಾಗಿ ಹಿಂದಕ್ಕೆ ಕೈಚಾಚಿ ತಡಕುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಹುಡುಗಿ ಕಿಸಕ್ಕನೆ ನಕ್ಕಳು.

ಕಾರಣ ಕೇಳಿ ನನಗೆ ನೋಟಿಸು ಬಂದಿದೆ. ಬರಲಿ. ಅವತ್ತು ಉಟ್ಟ ಸೀರೆಯನ್ನು ಇನ್ನೂ ಒಗೆದಿಲ್ಲ, ಅದರಲ್ಲಿ ತೊಗರಿ ವಾಸನೆ ಇದೆ. ಅತನೂರಿನ ಗೆಳತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಮನಸಾರೆ ನಕ್ಕಳು. ನಕ್ಕು ನಕ್ಕು ಕೊನೆಗೆ, "ಸರ್‌ಗೂ ಹೇಳಬೇಕಿತ್ತಲ್ಲೇ," ಎಂದಳು.