ಹೊಟ್ಟಿನ ಚೀಲದ ಟೀಚರ್

ರೇಣುಕಾ, ಸಿದ್ದು, ನಿಮ್ಮ ಒಂದನೆಯ ತರಗತಿಯ ಟೀಚರ್ ನೆನಪಾದರೆ ನಿಮ್ಮವ್ವನಾದ ನನಗೆ ಇಂದಿಗೂ ಮೈಯೆಲ್ಲ ಉತ್ಸಾಹ! ನಮ್ಮೂರಲ್ಲಿ ಸಿಂಧನೂರಿನ ಬಸ್ಸಿಳಿದವರೇ ಬಳೆ ಹಿಂದೆ ಸರಿಸಿ ಕೆಲಸಕ್ಕಿಳಿಯುತ್ತಿದ್ದರು.

ರೇಣುಕಾ, ಬೆಂಚಿನ ಮೇಲೆ ಅಲುಗಾಡದೆ ಕೂರಲಾಗದೆ ನೀನು ಶಾಲೆಯನ್ನೇ ಬಿಡುವುದರಲ್ಲಿದ್ದೆ. "ಅಲುಗ್ಯಾಡ್ಲಿ ಬಿಡ್ರಿ, ಕಲೀಲಿ" ಎಂಬುದು ಟೀಚರ್ ಮಾತು. ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ತಂದು, ಮಕ್ಕಳು ಕೂರಲು ಮೆತ್ತನೆಯ ಚೀಲ ಹೊಲಿಯಲು ನನಗೆ ಹೇಳಿದರು. ಹೆಡ್‌ಮಾಸ್ತರರು ಮಾತ್ರ, "ಸಾಲಿ ತಪಾಸಣಿಗೆ ಬರೋ ಸಾಹೇಬ್ರು ಒಪ್ಪಲಿಲ್ಲಂದ್ರ ಮತ್ತ ಬೆಂಚೇ ನೋಡ್ರಿ" ಎಂದಿದ್ದರು.

ಹಳೆ ಅರಿವೆ ಸೇರಿಸಿ ಹೊಲಿದ ಹೊದಿಕೆ, ಕೌದಿ, ಹಸಿದಿರಬಾರದೆಂದು ಅದರೊಳಗೆ ಹೋಳಿಗೆಯ ತುಣುಕಿಡುವುದು ನಮ್ಮ ಪದ್ಧತಿ. ಚೀಲಗಳಲ್ಲೂ ಹಾಗೆಯೇ ಇಟ್ಟು ಹೊಲಿದೆ. ಸಾಹೇಬರು ಬಂದ ದಿನವೇ ಆ ಸಿಹಿಗೆ ಇರುವೆ ಮುತ್ತಿದವು! ಮಕ್ಕಳೆಲ್ಲ ಎದ್ದು ಜಿಗಿದರು. ನೋಡಲೆಂದು ಬಂದಿದ್ದ ನಾನು ನಾಚಿ ಬಾಗಿಲ ಮರೆಗೆ ಸರಿದೆ.

"ಏನ್ರೀ ಟೀಚರ್ ಇದು, ಸಾಲಿಯೋ ಸಂತಿಯೋ?" ಎಂದರು ಸಾಹೇಬರು.

"ಓದವ್ವಾ ರೇಣುಕಾ" ಎಂದರು ಟೀಚರ್. ನೀನು ಕಾಲು ಕೆರೆಯುತ್ತ, ಕುಣಿಯುತ್ತ ಇಡೀ ಪುಟ ಓದಿಬಿಟ್ಟೆ!

"ನೋಡ್ರಿ ಸರ, ಅಲುಗ್ಯಾಡಿದ್ರೂ ಒಂದಕ್ಷರ ತಪ್ಪಿಲ್ಲ."

ಚೀಲದ ಹೊಲಿಗೆಯಿಂದ ಇಣುಕಿದ ಹೋಳಿಗೆ ನೋಡಿ ಸಾಹೇಬರು ನಕ್ಕರು. "ಚೀಲ ಇರ್ಲಿ. ಹೋಳಿಗಿ ಹುಡುಗರ ಹೊಟ್ಟಿಗಿ ಹಾಕ್ರಿ."

ಉಳಿದ ಅರಿವೆಯಲ್ಲಿ ನಿಮಗಾಗಿ ಇದನ್ನು ಬರೆದ ಈ ಹಾಳೆಗಳಿಗೊಂದು ಚೀಲ ಹೊಲಿದಿದ್ದೇನೆ. ಜೋಪಾನವಾಗಿಡಿ ಮಕ್ಕಳೇ. ಇದರೊಳಗೆ ಹೋಳಿಗೆ ಇಟ್ಟಿಲ್ಲ.